ನನ್ನ ಹೆಸರು ಕೆತ್ತಿಸಿದ ಪಾತ್ರೆಗಳು

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕಾಲೇಜು ಓದುವ ಮಗಳು ಕಾವ್ಯಳ ಕೈಗೆ ಕೊಟ್ಟೆ. ಕಾಗುಣಿತ ತಿದ್ದು, ಮಾತು ತಿದ್ದಬೇಡ ಎಂದಿದ್ದೆ. ಓದಿ ಮುಗಿಸಿದವಳು, "ಅಪ್ಪಾ, ಇದ್ರಲ್ಲಿ ನೀನು ಭಾಳ ಕೆಟ್ಟೋನಂಗೆ ಕಾಣ್ತೀಯ" ಎಂದಳು.

"ಹಂಗಾದ್ರೆ ಸರಿಯಾಗೇ ಬರ್ದೀನಿ ಬಿಡು" ಎಂದೆ.

ನನ್ನ ಕಸುಬು ಗಾರೆ ಕೆಲಸ. ಸಿಮೆಂಟಿನ ಬಾಂಡ್ಲಿ ಹೊತ್ತು ಶುರು ಮಾಡಿ ಮೇಸ್ತ್ರಿಯಾದವನು. ನಮ್ಮ ಮನೆ ಇರುವುದು ಶಿಕಾರಿಪುರದಲ್ಲಿ. ಇಲ್ಲಿಂದ ಸೊರಬದವರೆಗೆ ಯಾವ ಬಸ್ಸಿನಲ್ಲಿ ಹೋದರೂ ಕಿಟಕಿಯಿಂದ ನಾನು ಕಟ್ಟಿದ ಒಂದಾದರೂ ಮನೆ ಕಾಣುತ್ತದೆ. ನನ್ನ ಗೋಡೆಗೆ ತೂಗುಗುಂಡು ಬಿಟ್ಟು ನೋಡಿ, ಕೂದಲೆಳೆಯಷ್ಟೂ ಆಚೀಚೆ ಇರುವುದಿಲ್ಲ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಈ ಎರಡು ಮಾತನ್ನು ಎಲ್ಲಿ ಹೋದರೂ ಹೇಳಿಕೊಳ್ಳುತ್ತಿದ್ದೆ. ಡಾಕ್ಟರ ಮುಂದೆಯೂ ಮೊದಲು ಹೇಳಿದ್ದು ಇದನ್ನೇ.

ಮನೆ ಮುಗಿದು ಗೃಹಪ್ರವೇಶವಾಗುವ ದಿನ ಬಾಗಿಲ ಪಕ್ಕದ ಕರಿಕಲ್ಲಿನ ಮೇಲೆ ಮಾಲೀಕನ ಹೆಸರು ಇರುತ್ತದೆ, ಅವನ ಅಪ್ಪ ಅವ್ವನ ಹೆಸರೂ ಇರುತ್ತದೆ. ಮೇಸ್ತ್ರಿಗೆ ಒಂದು ಪಂಚೆ, ಒಂದು ಟವೆಲ್ಲು, ಕೊನೇ ಪಂಕ್ತಿಯಲ್ಲಿ ಊಟ. ಅದಕ್ಕೆ ನಾನು ಬೇಜಾರು ಮಾಡಿಕೊಂಡವನಲ್ಲ ಎಂದೇ ತಿಳಿದಿದ್ದೆ. ಒಮ್ಮೆ ತಾಳಗುಂದದಲ್ಲಿ ಕೆಲಸವಿದ್ದಾಗ ಮಧ್ಯಾಹ್ನ ದೇವಸ್ಥಾನದ ಹತ್ತಿರ ಬುತ್ತಿ ಬಿಚ್ಚಿದ್ದೆವು. ಹಳೇ ಶಾಸನದ ಕಂಬ ನೋಡಲು ಯಾರೋ ಮೇಷ್ಟ್ರು ಮಕ್ಕಳನ್ನು ಕರೆತಂದಿದ್ದರು. ರಾಜರ ಹೊಗಳಿಕೆ ಇಷ್ಟುದ್ದ ಕೆತ್ತಿದವನು ಕೊನೆಗೆ ತನ್ನ ಹೆಸರನ್ನೂ ಕೆತ್ತಿಕೊಂಡಿದ್ದಾನೆ ನೋಡಿ, ಎಂದು ಅವರು ಹೇಳಿದ್ದು ಕಿವಿಗೆ ಬಿತ್ತು. ನನ್ನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

ಆ ವಾರವೇ ಸೊರಬದ ಒಂದು ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಡಬರಿ ಕೊಂಡೆ. ಮನೆಯಲ್ಲಿ ಡಬರಿಗೆ ಬರವಿರಲಿಲ್ಲ. ಅಂಗಡಿಯವನು ಹೆಸರು ಕೆತ್ತುವ ಕರೆಂಟಿನ ಮೆಶಿನ್ನು ಕೈಗೆತ್ತಿಕೊಂಡು, "ಎಂತ ಹಾಕ್ಲಿ ಮೇಸ್ತ್ರಿ?" ಎಂದ. ಮಾಮೂಲಿಯಾಗಿ ಜನ ಹೆಸರು ಹಾಕಿಸುವುದು ಮದುವೆಗೆ ಉಡುಗೊರೆ ಕೊಡುವಾಗ, ಯಾರಿಂದ ಯಾರಿಗೆ ಎಂದು. ನಾನು, "ಚೌಡಪ್ಪ ಮೇಸ್ತ್ರಿ. ಅಷ್ಟೇ ಹಾಕು" ಎಂದೆ. ಮೆಶಿನ್ನು ಕರ್ರ್ ಎಂದು ಸ್ಟೀಲು ಕೊರೆಯಿತು. ಆ ಸದ್ದು ಹಲ್ಲಿನ ಬುಡಕ್ಕೆ ತಾಗಿ, ಅಲ್ಲಿಂದ ಇಳಿದು ಎದೆಯಲ್ಲಿ ತಣ್ಣಗೆ ಕೂತಿತು. ಬಸ್ ನಿಲ್ದಾಣಕ್ಕೆ ನಡೆದು ಬರುವವರೆಗೂ ಆ ತಂಪು ಇತ್ತು. ಬಸ್ಸು ಹತ್ತುವಾಗ ಇರಲಿಲ್ಲ. ಇನ್ನೊಂದು ತೆಗೆದುಕೊಳ್ಳಬೇಕಿತ್ತು ಅನ್ನಿಸಿತು.

ಅನ್ನಿಸಿದ್ದು ಮೂರು ವರ್ಷ ಬಿಡಲಿಲ್ಲ. ತಟ್ಟೆ, ಲೋಟ, ಕೊಳಗ, ಪರಾತ, ನೂರು ಜನಕ್ಕೆ ಅನ್ನ ಬೇಯಿಸುವ ತಪ್ಪಲೆ. ಎಲ್ಲದರ ಮೇಲೂ ಒಂದೇ ಹೆಸರು. ಕಾಂಕ್ರೀಟು ಕಲಸಿಟ್ಟ ಮೇಲೆ ಗಟ್ಟಿಯಾಗುವ ಮುಂಚೆ ಹಾಕಿ ಮುಗಿಸಬೇಕು ಎಂಬ ಅವಸರ ಇರುತ್ತದಲ್ಲ, ಅಂಥದ್ದೇ ಅವಸರ ಮೈಯಲ್ಲಿ. ಕೊಂಡರೆ ಮಾತ್ರ ಇಳಿಯುತ್ತಿತ್ತು. ಮನೆಗೆ ತಂದರೆ ಹೆಂಡತಿ ರೇಣುಕಾ ಕೇಳುತ್ತಾಳೆಂದು ಸೊರಬದಲ್ಲಿ ಸೆಂಟ್ರಿಂಗ್ ಹಲಗೆ ಇಡಲು ಬಾಡಿಗೆಗೆ ಹಿಡಿದಿದ್ದ ಗೋಡೌನಿನಲ್ಲಿ ತುಂಬುತ್ತಾ ಹೋದೆ. ಕೆಲಸದವರ ಬಟವಾಡೆ ತಡವಾಯಿತು. ಕೇಳಿದವರ ಮೇಲೆ ಬಾಯಿ ಮಾಡಿದೆ.

ನಾನು ಹೊಸ ಪಾತ್ರೆ ಹಿಡಿದು ಸೊರಬದ ಒಂದು ಓಣಿಗೆ ಹೋಗುವುದನ್ನು ನೋಡಿದವರು ರೇಣುಕಾಳಿಗೆ ಹೇಳಿದರು. ನಿನ್ನ ಗಂಡ ಅಲ್ಲಿ ಇನ್ನೊಂದು ಮನೆ ಹೂಡ್ಯಾನೆ ಅಂತ. ಅವಳು ಕೇಳಿದಾಗ ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಸುಮ್ಮನೆ ಮೀಸೆ ತಿರುವಿಕೊಂಡು ಎದ್ದು ಹೋದೆ. ನಿಜ ಬರೆಯುತ್ತೇನೆ ಎಂದು ಕೂತಿದ್ದೇನೆ, ಬರೆಯುತ್ತೇನೆ. ಪಾತ್ರೆ ಹುಚ್ಚಿನವನು ಅನ್ನಿಸಿಕೊಳ್ಳುವುದಕ್ಕಿಂತ ಹೆಣ್ಣಿನ ಹುಚ್ಚಿನವನು ಅನ್ನಿಸಿಕೊಳ್ಳುವುದು ಮರ್ಯಾದೆ ಎಂದು ನನಗೆ ತೋಚಿತ್ತು. ಎಂಟು ತಿಂಗಳು ಅವಳನ್ನು ಹಾಗೇ ಬೇಯಲು ಬಿಟ್ಟೆ. ಅವಳು ಇಳಿದು ಹೋದಳು. ಅವಳ ಕುಪ್ಪಸಗಳನ್ನು ಕಾವ್ಯ ಹಿಡಿದು ಹೊಲಿದಳು. ನಾನು ನೋಡುತ್ತಿದ್ದೆ.

ಇನ್ನೊಂದು ಹೇಳಬೇಕು. ಇಷ್ಟು ಬರೆದಿದ್ದೇ ಅದಕ್ಕೆ.

ರೇಣುಕಾ ನಮ್ಮ ಮನೆಗೆ ಬಂದಾಗ ತವರಿನಿಂದ ತಂದದ್ದು ಒಂದು ತಾಮ್ರದ ಬಿಂದಿಗೆ. ಅವಳ ಅವ್ವ ದ್ಯಾಮಕ್ಕನದು. ದ್ಯಾಮಕ್ಕ ಇವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಒಂದು ಫೋಟೋ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ. ಬಿಂದಿಗೆಯ ಕತ್ತಿನ ಮೇಲೆ ಯಾರೋ ಮೊಳೆಯಿಂದ ಚುಕ್ಕಿ ಹೊಡೆದು 'ದ್ಯಾಮಕ್ಕ' ಎಂದು ಬರೆದಿದ್ದರು. ಆ ಹೆಂಗಸಿನ ಹೆಸರು ಲೋಕದಲ್ಲಿ ಬರೆದಿದ್ದುದು ಅಲ್ಲೊಂದೇ. ಬಾವಿಕಟ್ಟೆಯ ಮೇಲೆ ಬಿದ್ದು ಅದರ ತಳ ಒಂದು ಕಡೆ ನೆಗ್ಗಿತ್ತು. ನೆಲಕ್ಕಿಟ್ಟರೆ ವಾಲುತ್ತಿತ್ತು. ನಾವು ಮನೆ ಕಟ್ಟುವಾಗ ಅಡಿಗೆಮನೆ ಕಟ್ಟೆಯ ಮೂಲೆಯಲ್ಲಿ, ಹಸಿ ಸಿಮೆಂಟಿಗೆ ಆ ಬಿಂದಿಗೆಯನ್ನೇ ಒತ್ತಿ, ಅದು ನೆಟ್ಟಗೆ ಕೂರುವ ಹಾಗೆ ಗುಂಡಿ ಮಾಡಿದ್ದೆ. ಅವತ್ತು ನನ್ನ ಕೈಯ ಸಿಮೆಂಟನ್ನು ರೇಣುಕಾಳೇ ತೊಳೆದಳು.

ಗೀಳು ಹೆಚ್ಚಿ ಕೈ ಖಾಲಿಯಾದಾಗ ಆ ಬಿಂದಿಗೆಯನ್ನು ಸೊರಬಕ್ಕೆ ಒಯ್ದೆ. ಹಳೇ ತಾಮ್ರ ಕೊಟ್ಟರೆ ತೂಕಕ್ಕೆ ಹೊಸ ಪಾತ್ರೆ ಕೊಡುತ್ತಾರೆ. ಅಂಗಡಿಯವನು ತಿರುಗಿಸಿ ನೋಡಿ, "ಹೆಸರೈತಲ್ಲ ಮೇಸ್ತ್ರಿ. ಯಾರ್ದು?" ಎಂದ.

"ಯಾರದ್ದೂ ಅಲ್ಲ. ಸತ್ತು ಭಾಳ ವರ್ಷ ಆತು" ಎಂದೆ.

ಅವನು ಸುತ್ತಿಗೆ ತಗೊಂಡು ಅದನ್ನು ಚಪ್ಪಟೆ ಮಾಡಿದ. ಬದಲಿಗೆ ಎರಡು ಸ್ಟೀಲಿನ ಕೊಳಗ ಬಂತು. ಮನೆಯಲ್ಲಿ, ಬಿಂದಿಗೆಯನ್ನು ಗೋಡೆಗೆ ನೀರು ಹೊಡೆಯಲು ಸೈಟಿಗೆ ಒಯ್ದಿದ್ದೇನೆ ಎಂದೆ.

ರೇಣುಕಾ ಒಂದು ದಿನ ಹೇಳದೆ ಕೇಳದೆ ಸೊರಬದ ಗೋಡೌನಿಗೆ ಬಂದಳು. ಮಗಳೂ ಜೊತೆಗಿದ್ದಳು. ನಾನು ಒಳಗೇ ಇದ್ದೆ, ಬಟ್ಟೆ ಹಿಡಿದು ತಪ್ಪಲೆ ಒರೆಸುತ್ತಿದ್ದೆ. ಅವಳು ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು. ಸೀರೆ ಕಾಣಲಿಲ್ಲ, ಬಳೆ ಕಾಣಲಿಲ್ಲ, ಹಾಸಿಗೆ ಕಾಣಲಿಲ್ಲ. ಸೂರಿನವರೆಗೆ ಪಾತ್ರೆ. ಒಂದನ್ನು ಎತ್ತಿ ಹೆಸರು ಓದಿದಳು. ಇನ್ನೊಂದು ಎತ್ತಿ ಓದಿದಳು.

"ಹೆಂಗಸಿದ್ದಿದ್ರೆ ಜಡೆ ಹಿಡ್ದು ಎಳೀತಿದ್ದೆ" ಎಂದಳು. "ಇದನ್ನ ಏನು ಹಿಡ್ದು ಎಳೀಲಿ?"

ಆಮೇಲೆ ಹುಡುಕಲು ಶುರು ಮಾಡಿದಳು. ಒಂದೊಂದೇ ಎತ್ತಿ ಪಕ್ಕಕ್ಕಿಟ್ಟಳು. ಏನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. ತಪ್ಪಲೆ ಒರೆಸುತ್ತಲೇ ಇದ್ದೆ. ಕೊನೇ ಪಾತ್ರೆ ಎತ್ತಿಟ್ಟ ಮೇಲೆ, "ಅವ್ವನ ಬಿಂದಿಗೆ ಎಲ್ಲೈತ್ರಿ?" ಎಂದಳು.

ನಾನು ಎರಡು ಕೊಳಗ ತೋರಿಸಿದೆ. "ಹಳೇದು ವಾಲ್ತಿತ್ತು. ಅದ್ರ ಬದ್ಲಿಗೆ ಎರಡು ಬಂದಾವು, ನೋಡು."

ಈಗಲೂ ಆ ಮಾತು ನನ್ನ ಬಾಯಿಂದಲೇ ಬಂತೋ ಎಂದು ಕಾವ್ಯಳನ್ನು ಕೇಳುತ್ತೇನೆ. ಬಂತು ಎನ್ನುತ್ತಾಳೆ.

ರೇಣುಕಾ ಎಂಟು ದಿನ ಮಾತು ಬಿಟ್ಟಳು. ಅಪ್ಪಂದು ಕಾಯಿಲೆ, ಡಾಕ್ಟರಿಗೆ ತೋರಿಸೋಣ ಎಂದು ಮಗಳು ಅಂದಾಗ ಬಾಯಿ ಬಿಟ್ಟಳು. "ಕಾಯಿಲೆ ಅಲ್ಲ, ಕೊಬ್ಬು. ಆದ್ರೂ ತೋರ್ಸು. ಆಸ್ಪತ್ರಿಗೆ ಬಂದ್ರೆ ನಾನಿಲ್ಲಿರ್ತೀನಿ. ಇಲ್ಲಾಂದ್ರೆ ತವರಿಗೆ ಹೋಗ್ತೀನಿ. ಅಲ್ಲಿ ಅವ್ವನೂ ಇಲ್ಲ, ಈಗ ಬಿಂದಿಗೇನೂ ಇಲ್ಲ. ಆದ್ರೂ ಹೋಗ್ತೀನಿ."

ಅವಳು ಹೆದರಿಸಲು ಹೇಳುವ ಹೆಂಗಸಲ್ಲ. ಟ್ರಂಕು ತೆಗೆದು ಹೊರಗಿಟ್ಟಿದ್ದಳು.

ಮನಸ್ಸಿನ ಡಾಕ್ಟರು ವಾರಕ್ಕೊಂದು ದಿನ ಶಿವಮೊಗ್ಗದಿಂದ ನಮ್ಮೂರ ಆಸ್ಪತ್ರೆಗೆ ಬರುತ್ತಾರೆ. ಅವತ್ತು ಆಸ್ಪತ್ರೆಯ ವರಾಂಡದಲ್ಲಿ ಯಾವ ಬೆಂಚಿನ ಮೇಲೆ ಕೂತವರು ಯಾತಕ್ಕೆ ಬಂದವರೆಂದು ಊರಿಗೆಲ್ಲ ಗೊತ್ತು. ನಾನು ಟವೆಲ್ಲನ್ನು ಕಣ್ಣಿನವರೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತೆ. ಆ ಗೋಡೆಯ ಗಿಲಾವು ಎಲ್ಲೆಲ್ಲಿ ಬಿಟ್ಟಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಕ್ಕಿಲ್ಲ. ನಮ್ಮ ಕೆಲಸಗಾರನೊಬ್ಬ ಮಗುವಿಗೆ ಜ್ವರವೆಂದು ಬಂದಿದ್ದವನು ಎದುರಿಗೆ ಹಾದು ಹೋದ. ನಮಸ್ಕಾರ ಮಾಡಲಿಲ್ಲ. ಎರಡು ಸಲ ತಿರುಗಿ ನೋಡಿದ.

ಪಕ್ಕದಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು. "ನಿಮ್ದೇನ್ರೀ?" ಎಂದರು.

"ನಿದ್ದೆ ಬರಲ್ಲ."

"ಮೊದಲ್ನೇ ವಾರ ಇಲ್ಲಿ ಯಾರಿಗೂ ನಿದ್ದೆ ಬರಲ್ಲ. ಎರಡನೇ ವಾರ ನಿಜ ಹೇಳ್ತಾರೆ" ಎಂದು ತಮ್ಮ ಕೈ ತೋರಿಸಿದರು. ಬೆರಳ ಸಂದೆಲ್ಲ ಬಿರಿದು ರಕ್ತ ಒಸರುತ್ತಿತ್ತು. "ನಂದು ಕೈ ತೊಳಿಯೋದು. ದಿನಕ್ಕೊಂದು ಸೋಪು ಬೇಕು."

ಎರಡನೇ ವಾರ ನಾನೇ ಅವರ ಪಕ್ಕ ಹೋಗಿ ಕೂತು, "ನಂದು ಪಾತ್ರೆ ಕೊಳ್ಳೋದು" ಎಂದೆ.

"ಒಳ್ಳೇದಾತು. ನೀವು ಪಾತ್ರೆ ತರ್ರಿ, ನಾನು ತೊಳೀತೀನಿ. ಒಂದು ಹೋಟ್ಲು ಇಡಾಣ."

ಮೂರು ವರ್ಷದಲ್ಲಿ ನಾನು ಮೊದಲ ಸಲ ನಕ್ಕದ್ದು ಅಲ್ಲಿ. ಅವರು ಈಗ ಬರುತ್ತಿಲ್ಲ. ವಾಸಿಯಾಗಿದೆಯೋ, ಬೇಸತ್ತು ಬಿಟ್ಟರೋ ತಿಳಿಯದು.

ಡಾಕ್ಟರು ಹೆಂಗಸು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. "ಕುಡಿಯಲ್ಲ, ಇಸ್ಪೀಟಿಲ್ಲ. ದುಡಿದು ಪಾತ್ರೆ ತಂದ್ರೆ ಕಾಯಿಲೆ ಏನ್ರಿ?" ಎಂದು ಜೋರು ಮಾಡಿದೆ. ಅವರು ಬರೆಯುವುದನ್ನು ನಿಲ್ಲಿಸದೆ, "ಅದ್ರಲ್ಲಿ ಒಂದ್ರಲ್ಲಾದ್ರೂ ಅಡಿಗೆ ಮಾಡಿದ್ದೀರಾ?" ಎಂದರು. ಇದು ಕೊಳ್ಳುವ ಗೀಳು, ನಿಮ್ಮೊಬ್ಬರಿಗೇ ಬಂದದ್ದಲ್ಲ ಎಂದು ಮಾತ್ರೆ ಬರೆದರು. ಪೇಟೆಗೆ ಒಬ್ಬನೇ ಹೋಗಬಾರದು. ದುಡ್ಡು ಮಗಳ ಕೈಯಲ್ಲಿರಬೇಕು. ಪಾತ್ರೆಗಳು ಗೋಡೌನಿನಿಂದ ಹೊರಗೆ ಹೋಗಬೇಕು. ಹೆಸರು ಕೆತ್ತಿದ್ದನ್ನು ಅಂಗಡಿಯವನು ವಾಪಸು ತಗೊಳ್ಳುವುದಿಲ್ಲ ಎಂದು ನಾನಂದಾಗ, "ಮನೆಯವರ ಹತ್ರ ಕೀ ಕೊಡಿ, ಅವರಿಗೆ ತಿಳಿದಂಗೆ ಮಾಡ್ಲಿ" ಎಂದರು. ನಾನು ಕೀ ಕೊಡದೆ ಐದು ವಾರ ದೂಡಿದೆ.

ಮಾತ್ರೆಗೆ ಬಾಯಿ ಒಣಗುತ್ತಿತ್ತು, ಕೈ ನಡುಗುತ್ತಿತ್ತು. ನನ್ನ ಕರಣೆ ನಡುಗಿದ್ದನ್ನು ಕೆಲಸಗಾರರು ನೋಡಿದರು. ಆದರೂ ಆ ಐದು ವಾರ ಒಂದು ಚಮಚವನ್ನೂ ಕೊಳ್ಳಲಿಲ್ಲ. ಆರನೇ ವಾರ ಒಂದು ಯೋಚನೆ ಬಂತು, ಭಾಳ ಒಳ್ಳೇ ಯೋಚನೆ ಅನ್ನಿಸಿತು. ಮಗಳಿಗೆ ಸುಳ್ಳು ಹೇಳಿ ದುಡ್ಡು ತಗೊಂಡು ಸೊರಬಕ್ಕೆ ಹೋಗಿ ಹೊಸ ತಾಮ್ರದ ಬಿಂದಿಗೆ ಕೊಂಡೆ. ಅದೇ ಮೆಶಿನ್ನಿನಲ್ಲಿ 'ದ್ಯಾಮಕ್ಕ' ಎಂದು ಕೆತ್ತಿಸಿದೆ. ಕರ್ರ್ ಎಂಬ ಸದ್ದು ಬಂತು, ತಂಪೂ ಬಂತು. ಈ ಸಲ ಹೆಂಡತಿಗಾಗಿ ಕೊಂಡದ್ದು, ಕಾಯಿಲೆಯಲ್ಲ ಎಂದುಕೊಂಡೆ.

ರೇಣುಕಾ ಅದನ್ನು ಕೈಗೆ ತಗೊಂಡು ಮೂಲೆಯ ಗುಂಡಿಯಲ್ಲಿಟ್ಟಳು. ಅದಕ್ಕೆ ನೆಗ್ಗಿಲ್ಲ, ಸಿಮೆಂಟಿನಲ್ಲಿ ಹಳೇ ನೆಗ್ಗಿನ ಉಬ್ಬಿದೆ. ಬಿಂದಿಗೆ ವಾಲಿತು. ಬೆರಳಿನಿಂದ ತಳ್ಳಿದಳು, ಈ ಕಡೆಗೆ ವಾಲಿತು.

"ಇದು ನಮ್ಮವ್ವ ಅಲ್ಲ" ಎಂದಳು. "ನಿಮ್ಮ ರೋಗ. ನಮ್ಮವ್ವನ ಹೆಸರಿಟ್ಕೊಂಡು ಮನಿಗೆ ಬಂದೈತಿ. ಕೀ ಕೊಡ್ರಿ."

ಕೊಟ್ಟೆ.

ಮುಂದಿನದು ನಡೆದಾಗ ನಾನು ಬಳ್ಳಿಗಾವಿಯಲ್ಲಿ ಒಂದು ಮನೆಯ ತಾರಸಿ ಹಾಕಿಸುತ್ತಿದ್ದೆ. ಅವಳು ಸೊರಬಕ್ಕೆ ಹೋಗಿ, ಗೋಡೌನಿನ ಮುಂದೆ ಒಲೆ ಹೂಡಿ, ನಾನು ಮೂರು ವರ್ಷ ಒರೆಸಿಟ್ಟ ದೊಡ್ಡ ತಪ್ಪಲೆಯಲ್ಲಿ ಅನ್ನ ಬೇಯಿಸಿ ಆ ಓಣಿಯವರಿಗೆಲ್ಲ ಊಟ ಹಾಕಿದಳು. ಉಂಡು ಎದ್ದವರ ಕೈಗೆ ಒಂದೊಂದು ಪಾತ್ರೆ ಕೊಟ್ಟಳು. ಕೇಳಿದವರಿಗೆ, "ಚೌಡಪ್ಪ ಮೇಸ್ತ್ರಿ ಹೆಸ್ರಾಗೆ" ಎಂದಷ್ಟೇ ಹೇಳಿದಳಂತೆ.

ನಮ್ಮ ಕಡೆ ತಿಥಿ ಊಟಕ್ಕೆ ಬಂದವರಿಗೆ ತೀರಿಕೊಂಡವರ ಹೆಸರು ಕೆತ್ತಿಸಿದ ಪಾತ್ರೆ ಕೊಡುವ ರೂಢಿ ಇದೆ. ಶುಭ ಕಾರ್ಯದಲ್ಲಾದರೆ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ, ಒಂದು ಹಿಡಿ ಅಕ್ಕಿಯಾದರೂ ಹಾಕುತ್ತಾರೆ. ಅವಳು ಖಾಲಿ ಕೊಟ್ಟಳು. ಹಣೆಗೆ ಕುಂಕುಮವೂ ಇರಲಿಲ್ಲವಂತೆ. ಅಂಥ ಹೆಂಗಸಿಗೆ ಯಾವಾಗ ಹೋದರು, ಏನಾಗಿತ್ತು ಎಂದು ಯಾರು ಕೇಳುತ್ತಾರೆ? ತಲೆ ಬಗ್ಗಿಸಿ ಪಾತ್ರೆ ತಗೊಂಡು ಹೋದರು.

ಆಗ ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು, ಹಿಂದೆ ಕೆಲಸಕ್ಕಿದ್ದ ಒಬ್ಬ ಫೋನು ಮಾಡಿದ. ನಾನು "ಯಾರು?" ಎಂದೆ. ಅವನು ಮಾತಾಡದೆ ಕಟ್ ಮಾಡಿದ. ತಿರುಗಿ ಮಾಡಿದರೆ ಎತ್ತಲಿಲ್ಲ.

ಆ ವಾರವೇ ಸೆಂಟ್ರಿಂಗ್ ಹಲಗೆ ತರಲು ಕಾವ್ಯಳ ಜೊತೆ ಸೊರಬಕ್ಕೆ ಹೋದೆ. ಅವಳು ನೀರಿನ ಬಾಟ್ಲಿ ತರಲು ಹೋದಳು. ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಟವೆಲ್ಲು ಹೊದ್ದು ಕೂತೆ. ಬೆನ್ನ ಹಿಂದಿನ ಬೆಂಚಿನಲ್ಲಿ ಇಬ್ಬರು ಮಾತಾಡುತ್ತಿದ್ದರು. ಒಬ್ಬನ ದನಿ ಗುರುತು ಸಿಕ್ಕಿತು. ನಾನು ಮನೆ ಕಟ್ಟಿಕೊಟ್ಟವನು.

"ಎಂತ ಮಾರಾಯ, ಚೌಡಪ್ಪ ಮೇಸ್ತ್ರಿ ಹೋದ್ನಂತಲ್ಲ."

"ಹೌದನಾ? ಎಂತಾಗಿತ್ತು?"

"ಎಂತದೋ ತಲೆ ಕಾಯಿಲೆ. ನಮ್ಮನೆಯವ್ಳು ಉಂಡ್ಕಂಡು ಒಂದು ಡಬರಿ ತಂದಾಳೆ."

"ಕೆಲಸಗಾರ ಮಾತ್ರ ಹೌದು."

"ಕೆಲಸಕ್ಕೆ ಎಂತ ಹೇಳೂದು. ನಮ್ಮನೆ ಮೆಟ್ಲು ಅವನೇ ಕಟ್ಟಿದ್ದು. ಅಪ್ಪಯ್ಯನ ಮಂಡಿ ನೋವು ನೋಡಿ, ಅಂವ ಕಾಲು ಎಷ್ಟು ಎತ್ತತಾನೆ ಅಂತ ಅಳತೆ ತಗಂಡು ಕಟ್ಟಿದ. ಅಪ್ಪಯ್ಯ ಇವತ್ತಿಗೂ ಯಾರ ಕೈಯೂ ಹಿಡೀದೆ ಹತ್ತತಾನೆ. ಆದ್ರೆ ಬಾಯಿ ಐತಲ್ಲ, ಚರಂಡಿ. ಕೂಲಿ ಕೇಳಿದೋರಿಗೆ ಅವ್ವ ಅಕ್ಕ ಅಂತ ಬೈತಿದ್ದ."

"ಡಬರಿ ಎಂತ ಮಾಡಿದ್ರಿ?"

"ಸತ್ತೋರ ಹೆಸರಿದ್ದದ್ದು ಒಳಗೆ ಬ್ಯಾಡ ಅಂದ್ಳು. ನಾಯಿಗೆ ಅನ್ನ ಹಾಕ್ತಾಳೆ."

ಆ ಮೆಟ್ಟಿಲಿನ ನೆನಪೇ ನನಗಿರಲಿಲ್ಲ. ಕಟ್ಟಿ, ಮರೆತು, ಮುಂದಿನ ಕೆಲಸಕ್ಕೆ ಹೋಗಿದ್ದೆ. ನನಗೆ ನೆನಪಿದ್ದದ್ದು ಆ ಮನೆಯ ಬಾಗಿಲಿನ ಕರಿಕಲ್ಲು, ಅದರಲ್ಲಿ ನನ್ನ ಹೆಸರಿಲ್ಲದ್ದು.

ಈಗ ಅಳತೆ ಸಮೇತ ನೆನಪಾಯಿತು. ಎದ್ದು, ಟವೆಲ್ಲು ತೆಗೆದು, ಅವರ ಕಡೆ ತಿರುಗಿದೆ. "ಐದೂವರೆ ಇಂಚು" ಎಂದೆ. "ನಿಮ್ಮಪ್ಪಯ್ಯ ಆರಿಂಚಿಗೆ ಕಾಲು ಎತ್ತತಿರಲಿಲ್ಲ."

ಅವನ ಕೈಲಿದ್ದ ಎಲೆ ಅಡಿಕೆ ನೆಲಕ್ಕೆ ಬಿತ್ತು. ಇನ್ನೊಬ್ಬ ಎದ್ದು ಎರಡು ಹೆಜ್ಜೆ ಹಿಂದೆ ಹೋದ. ಅವರ ಮುಖದಲ್ಲಿ ಗಾಬರಿ ಇತ್ತು, ನಾಚಿಕೆ ಇತ್ತು. ನಾನು ಬದುಕಿದ್ದಕ್ಕೆ ಸಂತೋಷ ಹುಡುಕಿದೆ, ಅದು ಕಾಣಲಿಲ್ಲ.

ಮನೆಗೆ ಬಂದು ನಾಯಿಯ ಡಬರಿವರೆಗೆ ಎಲ್ಲ ಹೇಳಿ ಕೂಗಾಡಿದೆ. "ಗಂಡ ಬದುಕಿರುವಾಗ್ಲೇ ಕುಂಕುಮ ಒರೆಸ್ಕೊಂಡೇನೇ?"

ರೇಣುಕಾ ಕಾಯಿ ತುರಿಯುತ್ತಿದ್ದಳು. "ಒಲೆ ಮುಂದೆ ಬೆವರಿಗೆ ಹೋಗಿತ್ತು" ಎಂದಳು. ಹೌದೋ ಅಲ್ಲವೋ ಇವತ್ತಿಗೂ ನನಗೆ ತಿಳಿಯದು. ತುರಿಯುತ್ತಲೇ, "ನಿಮ್ಮ ಹೆಸರು ನಾಯಿ ಮುಂದೆ ಐತೆ ಅಂತ ಇಷ್ಟು ಉರಿಯುತ್ತಲ್ಲ. ನಮ್ಮವ್ವಂದು ಸುತ್ತಿಗಿ ಕೆಳಗೆ ಹೋದಾಗ ಹೆಂಗಾಗಿರ್ಬೇಕು?" ಎಂದಳು.

ನಾನು ಬಿಂದಿಗೆ ಕೂರುತ್ತಿದ್ದ ಆ ಗುಂಡಿಗೆ ಸಿಮೆಂಟು ಹಾಕಿ ಮಟ್ಟ ಮಾಡುತ್ತೇನೆ, ನೋಡಿ ನೋಡಿ ಇಬ್ಬರಿಗೂ ಸಂಕಟ ಯಾಕೆ ಎಂದೆ. ಅವಳು ತುರಿಯುವುದನ್ನು ನಿಲ್ಲಿಸಿದಳು.

"ನಮ್ಮವ್ವಂದು ಉಳಿದಿರೋದು ಅದೊಂದೇ ಗುರುತು. ಅದನ್ನ ಮಾಡಿದ್ದು ನೀವು. ನಾನು ಈ ಮನೇಲಿರೋದು ಅದಕ್ಕೇ. ದಿನಾ ಕೆಲಸಕ್ಕೆ ಹೋಗೋ ಮುಂಚೆ ಅದನ್ನ ಒರೆಸಿ ಹೋಗ್ಬೇಕು. ಒಂದು ದಿನ ತಪ್ಪಿದ್ರೂ ಟ್ರಂಕು ಅಲ್ಲೇ ಐತೆ."

ಇದಾಗಿ ಒಂದೂವರೆ ವರ್ಷವಾಯಿತು. ವಾಸಿಯಾಗಿದೆ ಎಂದು ಬರೆಯಲಾರೆ. ಮಾತ್ರೆ ಕಡಿಮೆಯಾಗಿದೆ, ಕೈ ನಡುಗುವುದಿಲ್ಲ. ಸೊರಬದ ಆ ಅಂಗಡಿ ಬೀದಿಗೆ ಹೋಗುವುದಿಲ್ಲ. ಎಲ್ಲಾದರೂ ಆ ಕರ್ರ್ ಸದ್ದು ಕೇಳಿದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಹೀಗಿದ್ದರೆ, ಆ ಬೆಂಚಿನ ಮೇಲೆ ಹೋಗಿ ಕೂರಿ. ಮೊದಲ ವಾರ ನಿದ್ದೆ ಬರುವುದಿಲ್ಲ ಎಂದು ಹೇಳಿದರೂ ಪರವಾಗಿಲ್ಲ.

ದಿನಾ ಬೆಳಿಗ್ಗೆ ಗುಂಡಿ ಒರೆಸುತ್ತೇನೆ. ಬಟ್ಟೆ ಸುತ್ತಿದ ಬೆರಳಿಗೆ ಆ ನೆಗ್ಗಿನ ಉಬ್ಬು ಸಿಗುತ್ತದೆ. ಮೊನ್ನೆ ಒರೆಸುತ್ತಾ, ಅವಳ ಮುಖ ಸ್ವಲ್ಪ ಹಗುರಾಗಿದ್ದದ್ದು ನೋಡಿ, ತಮಾಷೆ ಮಾಡುವ ಧೈರ್ಯ ಬಂತು.

"ಇನ್ನೂ ಎಷ್ಟು ದಿನ ಒರೆಸ್ಲಿ?"

"ಸಾಯೋ ತನಕ."

"ನನ್ನ ತಿಥಿ ಊಟ ನೀನೇ ಹಾಕಿ ಆಗೈತಲ್ಲೇ."

ಅವಳು ಒಲೆಯ ಕಡೆಯಿಂದ ತಿರುಗಲಿಲ್ಲ. "ಅದು ಪಾತ್ರೆ ಮೇಲಿದ್ದ ಚೌಡಪ್ಪಂಗೆ ಹಾಕಿದ್ದು. ನಿಮಗಿನ್ನೂ ಹಾಕಿಲ್ಲ. ಒರೆಸ್ರಿ."

ಒರೆಸಿದೆ.